ಒಂಬತ್ತನೆಯ ಪದ

2025ರ ಸೆಪ್ಟೆಂಬರ್ 8, ಸೋಮವಾರ, ಬೆಳಿಗ್ಗೆ 10.20ಕ್ಕೆ ನಂದಗಡ ಠಾಣೆಗೆ ಬಂದ ದೂರಿನಲ್ಲಿ ದೂರುದಾರನೂ ಆರೋಪಿಯೂ ಒಬ್ಬನೇ ಆಗಿದ್ದ. ಹೆಸರು ತಮ್ಮಣ್ಣ ಸಂಪಗಾಂವಿ, ವಯಸ್ಸು 61, ಊರು ಬೀಡಿ. ಮೂವತ್ತಾರು ವರ್ಷ ಊರೂರಿಗೆ ಕಾಗದ ಹಂಚಿ ನಿವೃತ್ತನಾದ ಅಂಚೆಯವನು. ಎರಡು ಪುಟದ ಅರ್ಜಿಯನ್ನು ಗುಂಡಗಿನ ಅಕ್ಷರದಲ್ಲಿ ತಾನೇ ಬರೆದು ತಂದಿದ್ದ.

ಅರ್ಜಿಯ ಸಾರ ಇಷ್ಟು. ಆರು ವರ್ಷದ ಹಿಂದೆ ಅವನ ಹೆಂಡತಿ ಬಾಳವ್ವನ ಹೃದಯದಲ್ಲಿ ಕೃತಕ ಕವಾಟ ಕೂಡಿಸಿದ್ದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ತೆಳ್ಳಗಿಡುವ ಗುಳಿಗೆ ದಿನಾ ಸಂಜೆ ತಪ್ಪುವಂತಿರಲಿಲ್ಲ. ಅದನ್ನು ತಮ್ಮಣ್ಣನೇ ಕೈಯಾರೆ ಕೊಡುತ್ತಿದ್ದ. ಆಗಸ್ಟ್ 29ರ ಶುಕ್ರವಾರ ಮಧ್ಯಾಹ್ನ ಬಾಳವ್ವ ತಲೆ ಹಿಡಿದುಕೊಂಡು ಹೊಸ್ತಿಲ ಬಳಿ ಕುಸಿದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಮೆದುಳೊಳಗೆ ರಕ್ತ ಸೋರಿದೆ ಎಂದರು. 31ರ ಭಾನುವಾರ ತೀರಿಕೊಂಡಳು. ಅಲ್ಲಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದ್ದರು: ಗುಳಿಗೆ ಯಾರು ಕೊಡ್ತಿದ್ರು? ಆ ಪ್ರಶ್ನೆ ಆಸ್ಪತ್ರೆಯಿಂದ ಮಣ್ಣಿನವರೆಗೂ, ಮಣ್ಣಿನಿಂದ ಊರಿನ ಕಟ್ಟೆಯವರೆಗೂ ತಮ್ಮಣ್ಣನ ಹಿಂದೆ ಬಂದಿತ್ತು. ಬಾಳವ್ವನ ತಮ್ಮ ಮುತ್ತಪ್ಪ ಎಲ್ಲರೆದುರು, ನೀನೇ ಅಕ್ಕನಿಗೆ ಜಾಸ್ತಿ ಗುಳಿಗೆ ನುಂಗಿಸಿ ಕೊಂದೆ ಎಂದಿದ್ದ.

ಹೆಡ್ ಕಾನ್‌ಸ್ಟೇಬಲ್ ಕಲ್ಲಯ್ಯ ಹಿರೇಮಠನಿಗೆ ಇಪ್ಪತ್ತೆಂಟು ವರ್ಷದ ಸರ್ವಿಸು. ಹೆಂಡತಿಯನ್ನು ಕೊಂದು ತಾನಲ್ಲ ಎಂದವರನ್ನು ಕಂಡಿದ್ದ, ಕೊಂದಿದ್ದೇನೆಯೋ ಇಲ್ಲವೋ ನೀವೇ ನೋಡಿ ಹೇಳಿ ಎಂದವನನ್ನು ಕಂಡಿರಲಿಲ್ಲ. ಅರ್ಜಿಯನ್ನು ಪಿಎಸ್ಐ ಶೈಸ್ತಾ ನದಾಫ್ ಅವರ ಮೇಜಿನ ಮೇಲಿಟ್ಟು, ಮುದುಕನಿಗೆ ಚಹಾ ತರಿಸಿದ.

ಶೈಸ್ತಾ ಎರಡು ಸಲ ಓದಿದಳು. "ನಿಮ್ಮ ಮ್ಯಾಲ ನೀವ ಕೇಸ್ ಹಾಕ್ರಿ ಅಂತೀರಿ. ಖರೇ ಏನು ಬೇಕು ನಿಮಗ?"

"ಗೊತ್ತಾಗಬೇಕ್ರಿ," ಎಂದ ತಮ್ಮಣ್ಣ. "ಗುಳಿಗಿ ಅರ್ಧಾ ಮಾಡಾಕ ಬ್ಲೇಡ್ ಹಿಡೀತಿದ್ದೆ. ಕೈ ಒಮ್ಮೊಮ್ಮೆ ನಡಗತೈತಿ. ಎಲ್ಲೆರ ತಪ್ಪಿದೆನೋ ಏನೋ. ನನ್ನ ಕೈಲೆ ಸತ್ತಾಳೋ ಇಲ್ಲೋ, ಅಷ್ಟ ಹೇಳ್ರಿ. ಆಮ್ಯಾಲ ಜೇಲಿಗಿ ಹಾಕ್ರಿ, ಬಿಡ್ರಿ."

ಕಲ್ಲಯ್ಯ ಮೃತಳ ಹೆಸರನ್ನು ಠಾಣೆಯ ಪುಸ್ತಕಕ್ಕೆ ಇಳಿಸುವಾಗ ತಮ್ಮಣ್ಣ ಬಗ್ಗಿ ನೋಡಿ, ಹೆಸರಿನ ಮುಂದೆ 'ಸೌ.' ಬಿಟ್ಟಿದ್ದೀರಿ ಎಂದ. ಗಂಡ ಬದುಕಿರುವ ಹೆಂಗಸಿಗೆ ಈ ಸೀಮೆಯಲ್ಲಿ ಹಚ್ಚುವ ಸೌಭಾಗ್ಯವತಿಯ ಗುರುತು ಅದು. ಲಗ್ನಪತ್ರಿಕೆಯಿಂದ ಹಿಡಿದು ಗೋಡೆಯ ಫೋಟೋದವರೆಗೆ ಅದಿಲ್ಲದೆ ಹೆಸರು ಬರಿದು ಅನ್ನಿಸುತ್ತದೆ. ಮುತ್ತೈದೆಯಾಗಿ ಹೋಗಿದ್ದಾಳೆ, ಅಷ್ಟಾದರೂ ಇರಲಿ ಎಂದು ಮುದುಕ ಕೇಳಿಕೊಂಡ. ಕಾಯ್ದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕಲ್ಲಯ್ಯ ಜಾಗ ಮಾಡಿ ಬರೆದ.

ಅಸಹಜ ಸಾವಿನ ಪ್ರಕರಣವೆಂದು ದಾಖಲಾಯಿತು. ಮುತ್ತಪ್ಪ ಸುಮ್ಮನಿರಲಿಲ್ಲ. ಅದೇ ದಿನ ಸಂಜೆ ಖಾನಾಪುರ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಶವ ಹೊರತೆಗೆದು ಪರೀಕ್ಷೆ ಮಾಡಿಸಬೇಕೆಂದು ಪಟ್ಟು ಹಿಡಿದ. ಲಿಂಗಾಯತರು ಸುಡುವುದಿಲ್ಲ, ಹೂಳುತ್ತಾರೆ. ತೆಗೆದರೆ ತೆಗೆಯಬಹುದು. ಹದಿನೆಂಟನೇ ತಾರೀಖು ನಿಗದಿಯಾಯಿತು. ಆ ಸುದ್ದಿ ಕೇಳಿ ತಮ್ಮಣ್ಣ ಠಾಣೆಯ ಬೆಂಚಿನ ಮೇಲೆಯೇ ಕುಳಿತುಬಿಟ್ಟ. ಶೈಸ್ತಾಳಿಗೆ ಸಂಕಟವಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಹತ್ತು ದಿನ ಕೈಯಲ್ಲಿದ್ದವು.

ಸೆಪ್ಟೆಂಬರ್ 9, ಬೆಳಿಗ್ಗೆ 9.30. ಬೀಡಿಯ ಮನೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಜಪ್ತಿಯಾದದ್ದು ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿ ಒಂದು, ಬ್ಲೇಡು ಒಂದು, ಗುಳಿಗೆಯ ಹಾಳೆಗಳು, ಅಂಗಡಿಯ ರಸೀದಿಗಳು, ಡಾಕ್ಟರ ಚೀಟಿ ಮತ್ತು ರಕ್ತ ಪರೀಕ್ಷೆಯ ವರದಿಗಳು. ಅಂಚೆಯವನ ಮನೆ. ಒಂದು ಕಾಗದವೂ ಕಳೆದಿರಲಿಲ್ಲ. ಕೊಂಡ ಗುಳಿಗೆ, ಖಾಲಿ ಹಾಳೆ, ಉಳಿದ ಚೂರು, ಎಲ್ಲವನ್ನೂ ಕಲ್ಲಯ್ಯ ನೆಲದ ಮೇಲೆ ಹರಡಿ ಲೆಕ್ಕ ಹಾಕಿದ. ಅರ್ಧ ಗುಳಿಗೆಯೂ ಹೆಚ್ಚು ಖರ್ಚಾಗಿರಲಿಲ್ಲ. ಡಬ್ಬಿಯಲ್ಲಿ ಶುಕ್ರವಾರ ಸಂಜೆಯದು ಹಾಗೆಯೇ ಇತ್ತು.

ಜೂನ್ ತಿಂಗಳ ಚೀಟಿಯಲ್ಲಿ ಡಾಕ್ಟರೇ ಅರ್ಧ ಗುಳಿಗೆ ಹೆಚ್ಚಿಸಿದ್ದರು. ಶೈಸ್ತಾ ಬೆಳಗಾವಿಗೆ ಹೋಗಿ ಅವರನ್ನು ಕಂಡಳು. ರಕ್ತ ಎಷ್ಟು ತೆಳ್ಳಗಿದೆ ಎಂದು ಹೇಳುವ ಅಂಕಿಗೆ ಐಎನ್ಆರ್ ಎನ್ನುತ್ತಾರೆ, ಬಾಳವ್ವನಿಗೆ ಅದು ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು ಎಂದು ಅವರು ವಿವರಿಸಿದರು. ಜೂನ್ ವರದಿಯಲ್ಲಿ 2.2 ಇತ್ತು, ಕಡಿಮೆಯಾಯಿತೆಂದು ಡೋಸು ಹೆಚ್ಚಿಸಿದ್ದರು. ಜುಲೈಯಲ್ಲಿ 2.9, ಆಗಸ್ಟ್ 5ಕ್ಕೆ 3.4. ಎರಡೂ ಸರಿ. ಆದರೆ 29ಕ್ಕೆ ಆಸ್ಪತ್ರೆಯಲ್ಲಿ ನೋಡಿದಾಗ 7.9. ಹೆಚ್ಚಿಗೆ ಗುಳಿಗೆ ಹೋಗದೆ ಅಷ್ಟಕ್ಕೆ ಏರುವುದು ಅಪರೂಪ ಎಂದರು ಡಾಕ್ಟರು. ಹೀಗೆ ಮುದುಕನ ಲೆಕ್ಕ ಸರಿಯಿತ್ತು, ಡಾಕ್ಟರ ಲೆಕ್ಕವೂ ಸರಿಯಿತ್ತು, ಹೆಂಗಸು ಮಾತ್ರ ಮಣ್ಣಲ್ಲಿದ್ದಳು.

ಸೆಪ್ಟೆಂಬರ್ 10. ಬಾಳವ್ವ ಪರೀಕ್ಷೆಗೆ ರಕ್ತ ಕೊಡುತ್ತಿದ್ದದ್ದು ಖಾನಾಪುರದಲ್ಲಿ, ಬೆಳಗಾವಿಯ ಸುಧಾಮೃತ ಲ್ಯಾಬಿನ ಸಂಗ್ರಹ ಕೇಂದ್ರದಲ್ಲಿ. ಒಂದೇ ಕೋಣೆ, ಒಂದು ಕಂಪ್ಯೂಟರು, ಪ್ರಮಿಳಾ ಎಂಬ ಮೂವತ್ತರ ಆಚೀಚಿನ ಹೆಂಗಸು. ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವ ಮಾತು. ರಕ್ತ ತೆಗೆದು, ಹೆಸರು ನೋಂದಾಯಿಸಿ ಕಳಿಸಿದರೆ ಅವಳ ಕೆಲಸ ಮುಗಿಯಿತು. ವರದಿ ರಾಮತೀರ್ಥ ನಗರದ ಮುಖ್ಯ ಲ್ಯಾಬಿನಿಂದ ನೇರ ಫೋನಿಗೆ ಹೋಗುತ್ತಿತ್ತು. ಇದೇ ಗುಳಿಗೆಯ ಮೇಲಿರುವವರ ಪಟ್ಟಿ ಕೇಳಿದಾಗ ಇಪ್ಪತ್ತಾರು ಹೆಸರು ಸಿಕ್ಕವು.

ಕಲ್ಲಯ್ಯ ಇಡೀ ಮಧ್ಯಾಹ್ನ ಇಪ್ಪತ್ತಾರು ಮನೆಗೂ ಫೋನ್ ಮಾಡಿದ. ನಾಲ್ವರಿಗೆ ಈ ಬೇಸಿಗೆಯಿಂದೀಚೆಗೆ ಮೂಗಿನಲ್ಲೋ ವಸಡಿನಲ್ಲೋ ರಕ್ತ ಬಂದಿತ್ತು. ಅವನು ಚೀಟಿ ತಂದು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ.

"ಒಂದು ಮಾತ್ರೀ ಮೇಡಂ. ನಗಬ್ಯಾಡ್ರಿ. ನಾಕೂ ಮಂದಿ ಮುತ್ತೈದೇರು. ಗಂಡಸ್ರಿಗಿ ಏನಿಲ್ಲ, ಗಂಡ ಸತ್ತವರಿಗೂ ಏನಿಲ್ಲ."

"ರೋಗ ತಾಳಿ ನೋಡಿ ಬರತೈತೇನು ಕಲ್ಲಯ್ಯ?" ಎಂದಳು ಶೈಸ್ತಾ. ನಗು ಬರಲಿಲ್ಲ. ಅವಳ ಕೈಯಲ್ಲಿ ಪ್ರಮಿಳಾ ಕೊಟ್ಟ ನೋಂದಣಿಯ ಪಟ್ಟಿಯಿತ್ತು, ಕಣ್ಣು ಅದರ ಮೇಲೆ ಹೋಯಿತು. ಇಪ್ಪತ್ತಾರರಲ್ಲಿ ಹನ್ನೊಂದು ಹೆಸರುಗಳ ಮುಂದೆ 'ಸೌ.' ಇತ್ತು. ರಕ್ತ ಬಂದ ನಾಲ್ವರೂ ಆ ಹನ್ನೊಂದರಲ್ಲಿದ್ದರು. ಬಾಳವ್ವನೂ ಇದ್ದಳು.

ಶೈಸ್ತಾ ಪ್ರಮಿಳಾಳಿಗೆ ಫೋನ್ ಮಾಡಿ ಕೇಳಿದಳು. ಬೆಳಗಾವಿಯ ಕೌಂಟರಿನಲ್ಲಿ ಅದನ್ನು ಬರೆಯುವುದಿಲ್ಲವಂತೆ, ಹೆಸರು, ಗಂಡನ ಇಲ್ಲವೇ ತಂದೆಯ ಹೆಸರು, ಮನೆತನ, ಮೂರೇ ಖಾನೆ. ಪ್ರಮಿಳಾ ಮಾತ್ರ ಮೊದಲ ಖಾನೆಯಲ್ಲೇ ಹೆಸರಿನ ಮುಂದೆ ಒಂದು 'ಸೌ' ಸೇರಿಸುತ್ತಿದ್ದಳು. ದೊಡ್ಡವರ ಹೆಸರನ್ನು ಬೋಳು ಬೋಳಾಗಿ ಬರೆಯಲು ಮನಸ್ಸು ಬರುವುದಿಲ್ಲ ಎಂದಳು. ಗಂಡಸರಿಗೆ ಶ್ರೀ ಹಾಕುವುದಿಲ್ಲವೇ ಎಂದರೆ, ಅವರು ಕೇಳುವುದಿಲ್ಲ, ಯಾಕೆ ಹಾಕಲಿ ಎಂದಳು.

ಸೆಪ್ಟೆಂಬರ್ 11, ಬೆಳಿಗ್ಗೆ 11.00, ರಾಮತೀರ್ಥ ನಗರ. ಸುಧಾಮೃತ ಲ್ಯಾಬಿನ ಹಿರಿಯ ತಂತ್ರಜ್ಞ ಸುಮಿತ ಚೌಗುಲೆ, ವಯಸ್ಸು 34, ಶೈಸ್ತಾ ಮತ್ತು ಕಲ್ಲಯ್ಯನನ್ನು ಎದುರುಗೊಂಡ. ಇಸ್ತ್ರಿ ಮುರಿಯದ ಬಿಳಿ ಕೋಟು, ಮೆಲುದನಿ. ಮೇಜಿನ ಮೇಲೆ ಪೆನ್ನುಗಳು ಕೂಡ ಎತ್ತರದ ಪ್ರಕಾರ ನಿಂತಿದ್ದವು.

ಕೇಳಿದ್ದಕ್ಕೆಲ್ಲ ಅವನು ಉತ್ತರ ಕೊಟ್ಟ. ರಕ್ತ ನೋಡುವ ಯಂತ್ರಕ್ಕೆ ಅದರದೇ ಒಂದು ಪ್ರೋಗ್ರಾಂ ಇದೆ. ಪ್ರತಿ ಪರೀಕ್ಷೆ ಮುಗಿದಾಗ ಅದು ಒಂದು ಸಾಲು ಬರಹವನ್ನು ಫೈಲಿಗೆ ಉಗುಳುತ್ತದೆ. ಮೊದಲು ಆ ಸಾಲುಗಳನ್ನು ನೋಡಿ ಇಬ್ಬರು ಕೂತು ವರದಿ ಟೈಪು ಮಾಡುತ್ತಿದ್ದರು, ಸಂಜೆಯಾಗುತ್ತಿತ್ತು. ಕಳೆದ ಮೇ ತಿಂಗಳಲ್ಲಿ ಸುಮಿತನೇ ಪೈಥಾನ್‌ನಲ್ಲಿ ನಲವತ್ತು ಸಾಲಿನ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದ. ಅದು ಯಂತ್ರದ ಬರಹವನ್ನು ಓದಿ, ಬೇಕಾದ ಅಂಕಿಯನ್ನು ಹೆಕ್ಕಿ, ವರದಿಯಲ್ಲಿ ಕೂಡಿಸಿ ಕಳಿಸುತ್ತದೆ. ಇದನ್ನು ಹೇಳುವಾಗ ಮಾತ್ರ ಅವನ ದನಿ ಒಂದಿಷ್ಟು ಎತ್ತರವಾಯಿತು.

"ಆಗಸ್ಟ್ ಐದರ ಫೈಲ್ ತೋರಸ್ರಿ."

"ಹಳೇವು ಇರೂದಿಲ್ರಿ ಮೇಡಂ. ತಾವ ಅಳಿಸಿ ಹೋಗ್ತಾವ."

"ಯಾವಾಗಿನಿಂದ ಅದಾವು?"

"ಹದಿನೈದನೇ ಆಗಸ್ಟಿನಿಂದ."

ಸ್ವಾತಂತ್ರ್ಯ ದಿನಾಚರಣೆಯ ದಿವಸ ಹಳೆಯದನ್ನೆಲ್ಲ ಅಳಿಸಬೇಕೆಂದು ಕಂಪ್ಯೂಟರಿಗೆ ಯಾಕೆ ಅನ್ನಿಸಿತೋ ಎಂದು ಕಲ್ಲಯ್ಯ ಮೆಲ್ಲಗೆ ಗೊಣಗಿದ. ಪಂಚರನ್ನು ಕರೆಸಿ ಕಂಪ್ಯೂಟರ್ ಜಪ್ತಿ ಮಾಡಿ, ಮೊಹರು ಹಾಕಿ, ಮಧ್ಯಾಹ್ನ 2.10ಕ್ಕೆ ಬೆಳಗಾವಿಯ ಸೈಬರ್ ಅಪರಾಧ ಠಾಣೆಗೆ ಒಯ್ದರು.

ಅಲ್ಲಿ ಸಮೃದ್ಧಿ ಇದ್ದಳು. ಬಿಸಿಎ ಓದಿ ಕಾನ್‌ಸ್ಟೇಬಲ್ ಆದವಳು, ಬಂದೋಬಸ್ತಿಗೆ ನಿಲ್ಲಿಸಿದರೆ ಮುಖ ಸಣ್ಣದು ಮಾಡುವವಳು. ಡಿಸ್ಕಿನ ನಕಲು ತೆಗೆದುಕೊಂಡು ಕೂತವಳು ಮರುದಿನ ಸಂಜೆ 4.30ಕ್ಕೆ ಫೋನ್ ಮಾಡಿ, ಬರ್ರಿ, ತೋರಿಸಬೇಕು ಎಂದಳು.

ಅಳಿಸಿದ ಫೈಲುಗಳು ವಾಪಸು ಸಿಕ್ಕಿದ್ದವು. ಅವು ತಾವಾಗಿ ಅಳಿಸಿಹೋಗಿರಲಿಲ್ಲ. ಸೆಪ್ಟೆಂಬರ್ 2ರ ಬೆಳಿಗ್ಗೆ 9.40ಕ್ಕೆ ಒಬ್ಬರು ಕೂತು ಅಳಿಸಿದ್ದರು. ಸಮೃದ್ಧಿ ಆಗಸ್ಟ್ 5ರ ಒಂದು ಸಾಲನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಪದಪದಕ್ಕೂ ಬೆರಳಿಟ್ಟಳು.

"ಸ್ಕ್ರಿಪ್ಟಿಗೆ ಅರ್ಥ ತಿಳಿಯೂದಿಲ್ರಿ ಮೇಡಂ. ಬರೇ ಎಣಸತೈತಿ. ನಡಕ ಖಾಲಿ ಜಾಗ ಬಂದ್ರ ಒಂದು ಪದ ಮುಗೀತು ಅಂತ. ಒಂಬತ್ತನೇ ಪದ ತಗೊ, ಅದ ಐಎನ್ಆರ್ ಅಂತ ಬರ್ದಾನ. ಬೆಳಗಾವಿ ಮಂದೀದು ನೋಡ್ರಿ. ನಂಬರ್ ಒಂದು, ಹೆಸರು ಮೂರು, ನಾಕಾತು. ವಯಸ್ಸು ಐದು, ಗಂಡೋ ಹೆಣ್ಣೋ ಆರು, ರಕ್ತ ಹೆಪ್ಪುಗಟ್ಟಾಕ ಹಿಡಿದ ಸೆಕೆಂಡ್ ಏಳು, ಅನುಪಾತ ಎಂಟು, ಐಎನ್ಆರ್ ಒಂಬತ್ತು. ಬರೋಬ್ಬರಿ ಐತಿ. ಈಗ ಇದು."

ಅವಳ ಬೆರಳು ನಿಧಾನ ನಡೆಯಿತು. 1043, ಸೌ, ಬಾಳವ್ವ, ತಮ್ಮಣ್ಣ, ಸಂಪಗಾಂವಿ, 54, ಸ್ತ್ರೀ, 44, 3.4. ಒಂಬತ್ತು ಮುಗಿಯಿತು. ಬೆರಳು ನಿಂತಿತು. ಅದರ ಆಚೆ ಇನ್ನೂ ಒಂದು ಅಂಕಿ ಉಳಿದಿತ್ತು, 4.9.

ಶೈಸ್ತಾ ಆ 4.9ರ ಸುತ್ತ ಪೆನ್ನಿನಿಂದ ಗೆರೆ ಎಳೆದಳು. ಯಂತ್ರ ಸುಳ್ಳು ಹೇಳಿರಲಿಲ್ಲ. ಅಪಾಯ ಎಂದು ಆಗಸ್ಟ್ 5ರಂದೇ ಬರೆದಿಟ್ಟಿತ್ತು. ಜೂನ್ ತಿಂಗಳಲ್ಲೂ ನಿಜವಾದ ಅಂಕಿ 2.8 ಇತ್ತು, ಡೋಸು ಹೆಚ್ಚಿಸುವ ಅಗತ್ಯವೇ ಇರಲಿಲ್ಲ. ಮರ್ಯಾದೆಗೆಂದು ಸೇರಿಸಿದ ಒಂದು ಪದ ಸಾಲನ್ನು ಒಂದು ಹೆಜ್ಜೆ ಸರಿಸಿತ್ತು, ಸ್ಕ್ರಿಪ್ಟು ಪಕ್ಕದ ಮನೆಯ ಕಾಗದವನ್ನು ಇವರ ಮನೆಗೆ ಹಾಕಿತ್ತು.

"ತಪ್ಪು ಯಾರಿಗೂ ಗೊತ್ತಿರಲಿಲ್ಲ ಅಂತ ಆತಲ್ಲ," ಎಂದ ಕಲ್ಲಯ್ಯ.

ಸಮೃದ್ಧಿ ಇಲ್ಲವೆಂದು ತಲೆಯಾಡಿಸಿ ಸ್ಕ್ರಿಪ್ಟನ್ನು ತೆರೆದಳು. ಈಗ ನಡೆಯುತ್ತಿರುವುದು ತಿದ್ದಿದ ಸ್ಕ್ರಿಪ್ಟು. ಮುಂದಿನಿಂದ ಒಂಬತ್ತು ಎಣಿಸುವುದನ್ನು ಬಿಟ್ಟು, ಸಾಲಿನ ಕಟ್ಟಕಡೆಯ ಪದವನ್ನು ತೆಗೆದುಕೊಳ್ಳುತ್ತದೆ. ಹೆಸರು ಎಷ್ಟು ಉದ್ದವಾದರೂ ಕೊನೆಯದು ಕೊನೆಯದೇ. ಹಳೆಯ ಸಾಲನ್ನು ಸುಮಿತ ಅಳಿಸಿರಲಿಲ್ಲ. ಶಿಸ್ತಿನ ಕೆಲಸಗಾರರು ಮಾಡುವಂತೆ, ಅದರ ಮುಂದೆ ಒಂದು # ಚಿಹ್ನೆ ಇಟ್ಟು, ಓಡದಂತೆ ಮಲಗಿಸಿ, ಪಕ್ಕದಲ್ಲಿ ತನ್ನ ಹೆಸರಿನ ಅಕ್ಷರ, ತಾರೀಖು ಮತ್ತು ಕಾರಣ ಬರೆದಿದ್ದ. ಖಾನಾಪುರದ ಹೆಸರುಗಳಲ್ಲಿ ಒಂದು ಪದ ಹೆಚ್ಚು. 14-08-2025.

ಬಾಳವ್ವ ಕುಸಿದದ್ದು 29ಕ್ಕೆ. ನಡುವೆ ಹದಿನೈದು ದಿನ.

ಎಫ್ಐಆರ್ ಆಮೇಲೆ ಎಂದಳು ಶೈಸ್ತಾ. ಮೊದಲು ಪಟ್ಟಿಯಲ್ಲಿ ಉಳಿದ ಹತ್ತು ಹೆಂಗಸರನ್ನು ಇವತ್ತೇ ಬೇರೆ ಕಡೆ ಪರೀಕ್ಷೆ ಮಾಡಿಸಬೇಕು. ಕಲ್ಲಯ್ಯ ಅಲ್ಲಿಂದಲೇ ಫೋನ್ ಹಿಡಿದ. ಸ್ಕ್ರಿಪ್ಟು ತಿದ್ದಿದ ಮೇಲೆ ಮತ್ತೆ ರಕ್ತ ಕೊಟ್ಟು ಡೋಸು ಸರಿಮಾಡಿಸಿಕೊಂಡಿದ್ದ ಒಂಬತ್ತು ಮಂದಿ ಸುರಕ್ಷಿತವಾಗಿದ್ದರು. ನಂದಗಡದ ಸಾತವ್ವ ಎಂಬವಳ ಐಎನ್ಆರ್ 5.2 ಬಂತು, ಅವಳು ಆಮೇಲೆ ರಕ್ತವನ್ನೇ ಕೊಟ್ಟಿರಲಿಲ್ಲ. ರಾತ್ರಿ ಹತ್ತಕ್ಕೆ ಅವಳನ್ನು ಠಾಣೆಯ ಜೀಪಿನಲ್ಲೇ ಆಸ್ಪತ್ರೆಗೆ ಒಯ್ದರು. ಆಕೆ ಉಳಿದಳು.

ಸೆಪ್ಟೆಂಬರ್ 15ರಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ಮತ್ತು 238ರಡಿ, ನಿರ್ಲಕ್ಷ್ಯದಿಂದ ಸಾವು ಮತ್ತು ಸಾಕ್ಷ್ಯನಾಶ, ಎಫ್ಐಆರ್ ದಾಖಲಾಯಿತು. ಅದೇ ದಿನ ಸುಮಿತನ ಮೇಜಿನ ಖಾನೆಯಲ್ಲಿ ಒಂದು ಚೀಟಿ ಸಿಕ್ಕಿತು. ಹನ್ನೊಂದು ಹೆಸರು, ಹನ್ನೊಂದು ಫೋನ್ ನಂಬರು, ಅವನ ಅಚ್ಚುಕಟ್ಟಾದ ಅಕ್ಷರ. ಮೊದಲ ಹೆಸರಿನ ಮುಂದೆ ಪೆನ್ನಿನ ಒಂದು ಚುಕ್ಕೆ. ಅದು ಬಾಳವ್ವನದು. ಲ್ಯಾಬಿನ ಫೋನಿನ ಕರೆ ವಿವರ ತರಿಸಿದಾಗ ಆಗಸ್ಟ್ 14ರ ಸಂಜೆ 5.52ಕ್ಕೆ ತಮ್ಮಣ್ಣನ ನಂಬರಿಗೆ ಹತ್ತೊಂಬತ್ತು ಸೆಕೆಂಡಿನ ಒಂದು ಕರೆ ಹೋಗಿತ್ತು. ಉಳಿದ ಹತ್ತಕ್ಕೆ ಒಂದೂ ಇರಲಿಲ್ಲ.

16ರ ಬೆಳಿಗ್ಗೆ 11.15ಕ್ಕೆ ಸುಮಿತನನ್ನು ಬಂಧಿಸಲಾಯಿತು. ಅವನು ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಬಂದ. ಠಾಣೆಯಲ್ಲಿ ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟಾಗ ವಾದ ಮಾಡಲಿಲ್ಲ.

"ಯಾವಾಗ ಗೊತ್ತಾತು?" ಎಂದಳು ಶೈಸ್ತಾ.

"ಹದಿನಾಕಕ್ಕ. ಬ್ಯಾರೆ ಏನೋ ಹುಡುಕೂ ಮುಂದ ಯಂತ್ರದ ಕಾಗದ, ವರದಿ ಎರಡೂ ಬಾಜುಕ ಬಂದು ಕುಂತ್ವು."

"ಎರಡನೇ ತಾರೀಖಿಗೆ ಯಾಕ ಅಳಿಸಿದಿ?"

"ಖಾನಾಪುರದ ಪ್ರಮಿಳಾ ಫೋನ್ ಮಾಡಿದ್ಲು. ಪಾಪ, ಬಾಳವ್ವಕ್ಕ ಹೋದ್ಲು ಅಂತ ಹೇಳಿದ್ಲು."

"ಫೋನ್ ಹಚ್ಚಿದ್ದಿಯಲ್ಲ ಅವರ ಮನಿಗೆ. ಹತ್ತೊಂಬತ್ತು ಸೆಕೆಂಡ್. ಯಾಕ ಹೇಳಲಿಲ್ಲ?"

"ನನಗಿಂತ ಮೊದಲ ಅವರ ಮಾತಾಡಿದ್ರು." ಸುಮಿತ ಮೇಜಿನ ಅಂಚು ನೋಡಿದ. "ಆಮ್ಯಾಲ ನನಗ ಬಾಯಿ ಬರಲಿಲ್ಲ." ಏನು ಮಾತಾಡಿದರು ಎಂದು ಎರಡು ಸಲ ಕೇಳಿದರೂ ಅವನು ಹೇಳಲಿಲ್ಲ.

ಉಳಿದದ್ದನ್ನು ಅವನ ಹೇಳಿಕೆಯಿಂದ, ಲ್ಯಾಬಿನವರ ಹೇಳಿಕೆಯಿಂದ ಶೈಸ್ತಾ ಕೂಡಿಸಿಕೊಂಡಳು. ಸುಮಿತ ಎಂಜಿನಿಯರಿಂಗ್ ಸೀಟು ಸಿಗದೆ ಲ್ಯಾಬಿನ ಕೋರ್ಸಿಗೆ ಸೇರಿದ್ದ. ಹನ್ನೆರಡು ವರ್ಷ ಮಂದಿಯ ರಕ್ತ, ಮೂತ್ರದ ಸೀಸೆ ಹಿಡಿದು ಓಡಾಡಿದ. ಅಕ್ಷರ ಅಕ್ಷರ ಕೂಡಿಸಿ ತಾನೇ ಪ್ರೋಗ್ರಾಂ ಕಲಿತ. ಮೇ ತಿಂಗಳಲ್ಲಿ ಸ್ಕ್ರಿಪ್ಟು ಓಡಿದ ದಿನ ಮಾಲೀಕರು ಎಲ್ಲರನ್ನೂ ಸೇರಿಸಿ ಶಾಲು ಹೊದಿಸಿ, ಇವನು ನಮ್ಮ ಎಂಜಿನಿಯರ್ ಎಂದಿದ್ದರು. ಅಂದಿನಿಂದ ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಕಸ ಗುಡಿಸುವವಳೂ ಎಂಜಿನಿಯರ್ ಸಾಹೇಬ್ರೇ ಎನ್ನುತ್ತಿದ್ದಳು. ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತಿರಲಿಲ್ಲ, ಮಾಲೀಕರೇ ಹಾಗೆ ಹೇಳಿದರು. ಆ ಒಂದು ಪದ ಹೋಗುತ್ತಿತ್ತು. ಅದಕ್ಕಾಗಿ ಅವನು ಸ್ಕ್ರಿಪ್ಟನ್ನು ತಿದ್ದಿದ, ಮನುಷ್ಯರನ್ನು ಬಿಟ್ಟ. ಬುದ್ಧಿವಂತನಿಗೆ ಮೂರು ಕಡೆ ಎನ್ನುವ ಗಾದೆ ಕಲ್ಲಯ್ಯನ ಬಾಯಿಗೆ ಬಂದಿತ್ತು, ಅವನು ಆಡಲಿಲ್ಲ.

17ರ ಬೆಳಿಗ್ಗೆ ತಹಶೀಲ್ದಾರರಿಗೆ ವರದಿ ಕೊಟ್ಟು ಶವ ಹೊರತೆಗೆಯುವ ಆದೇಶವನ್ನು ರದ್ದು ಮಾಡಿಸಿ, ಶೈಸ್ತಾ ಕಲ್ಲಯ್ಯನ ಜೊತೆ ಬೀಡಿಗೆ ಹೋದಳು. ಮುತ್ತಪ್ಪ ಮೊದಲೇ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ, ಭಾವನ ಕಡೆ ಕತ್ತೆತ್ತಿರಲಿಲ್ಲ. ಅವಳು ಸುತ್ತು ಬಳಸಲಿಲ್ಲ.

"ನಿಮ್ಮ ಕೈಲೆ ಏನೂ ತಪ್ಪಿಲ್ರಿ. ನೀವು ಕೊಟ್ಟದ್ದು ಬರೋಬ್ಬರಿ ಐತಿ. ತಪ್ಪು ವರದಿಯೊಳಗಿತ್ತು."

ತಮ್ಮಣ್ಣ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದ. ಹೇಗೆ ಎಂದು ಕೇಳಿದಾಗ ಅವಳು ಎಲ್ಲವನ್ನೂ ಹೇಳಿದಳು. 'ಸೌ' ಎಂಬುದರ ಹತ್ತಿರ ಬಂದಾಗ ಒಂದು ಕ್ಷಣ ತಡೆದಳು, ಆದರೆ ದಾಟಿಸಿ ಹೋಗಲಿಲ್ಲ. ಗೊತ್ತಾಗಬೇಕೆಂದೇ ಅವನು ಠಾಣೆಯ ಮೆಟ್ಟಿಲು ಹತ್ತಿದ್ದ. ಮುದುಕ ತಲೆ ಬಗ್ಗಿಸಿ ಕೇಳಿದ. ಒಬ್ಬನಿಗೆ ಅದು ಮೊದಲೇ ಗೊತ್ತಾಗಿತ್ತು, ಹದಿನಾಲ್ಕನೇ ತಾರೀಖು ಈ ಮನೆಗೆ ಫೋನನ್ನೂ ಮಾಡಿದ್ದ ಎಂದಾಗ ಮಾತ್ರ ತಲೆಯೆತ್ತಿದ.

"ಬಂದಿತ್ರಿ," ಎಂದ. "ಸಂಜಿಮುಂದ. ಲ್ಯಾಬಿನ ನಂಬರ್ ಅಂತ ಗುರುತು ಸಿಕ್ತು. ಅವರು ಕೇಳೂದರಾಗ ನಾನ ಅಂದೆ, ರಿಪೋರ್ಟ್ ಚಲೋ ಬಂದೈತ್ರಿ, ಡಾಕ್ಟರು ಭಾಳ ಖುಷಿಯಾದ್ರು, ನಿಮ್ಮಿಂದ ಉಪಕಾರ ಆತು ಅಂದೆ. ಆ ಕಡಿಂದ ಏನೂ ಅನ್ನಲಿಲ್ಲ. ಇಟ್ಟುಬಿಟ್ರು."

ಕಲ್ಲಯ್ಯ ಬಾಗಿಲ ಕಡೆ ಮುಖ ತಿರುಗಿಸಿದ.

"ಬಾಳವ್ವ ಇಲ್ಲೇ ಕುಂತು ಶೇಂಗಾ ಸುಲೀತಿದ್ಲು. ಉಪಕಾರ ಅಂದ್ರ ಹೊಳ್ಳಿ ಒಂದ್ ಮಾತು ಆಡಲಿಲ್ಲಲ್ಲ, ಹೆಂಥಾ ಮನಶ್ಯಾ ಅಂದೆ ನಾನು."

"ಬಾಳವ್ವಾರು ಏನಂದ್ರು?" ಎಂದು ಶೈಸ್ತಾ ಕೇಳಿದಳು.

"ಕೆಲಸದಾಗ ಇರ್ತಾರ, ಪಾಪ, ಅಂದ್ಲು."